ದೋಸೆ ಚೆನ್ನಾಗಿ ಬರುವ ಕೈಗೆ ಪ್ಯಾನ್‌ಕೇಕ್ ಯಾಕೆ ಬರಲ್ಲ?

ಪ್ರಶ್ನೆ: ಮಕ್ಕಳು ಕೇಳುತ್ತಾರೆ ಅಂತ ಮನೆಯಲ್ಲೇ ಪ್ಯಾನ್‌ಕೇಕ್ ಮಾಡುತ್ತಿದ್ದೇನೆ. ಹೊಟ್ಟೆ ತುಂಬಲಿ ಎಂದು ಮೈದಾ ಬಿಟ್ಟು ಗೋಧಿ ಹಿಟ್ಟು ಹಾಕುತ್ತೇನೆ. ಪ್ರತಿ ಸಲವೂ ಚಪ್ಪಟೆ, ಎಳೆದರೆ ರಬ್ಬರು. ಬೇಕಿಂಗ್ ಪೌಡರ್ ಜಾಸ್ತಿ ಹಾಕಬೇಕಾ?

ಬೇಡ. ಜಾಸ್ತಿ ಹಾಕಿದರೆ ಒಮ್ಮೆಲೇ ಉಬ್ಬಿ, ಅಷ್ಟೇ ಬೇಗ ಕುಸಿಯುತ್ತದೆ. ಬಾಯಲ್ಲಿ ಒಂಥರಾ ಕಹಿ ಉಳಿಯುತ್ತದೆ. ನಿಮ್ಮ ಕಷ್ಟಕ್ಕೆ ಕಾರಣ ಬಹುಶಃ ದೋಸೆ. ವರ್ಷಗಟ್ಟಲೆ ದೋಸೆ ಹೊಯ್ದ ಕೈ ಪ್ಯಾನ್‌ಕೇಕಿಗೂ ಅದನ್ನೇ ಮಾಡುತ್ತದೆ. ಚೆನ್ನಾಗಿ ಕಲಸುತ್ತದೆ, ಕಾವಲಿ ಚೆನ್ನಾಗಿ ಕಾಯಿಸುತ್ತದೆ, ಸೌಟಿನಿಂದ ಚೆನ್ನಾಗಿ ಹರಡುತ್ತದೆ. ಇಲ್ಲಿ ಮೂರೂ ತಪ್ಪು.

ಕಲಸುವುದರಿಂದ ಶುರು ಮಾಡೋಣ, ಮುಕ್ಕಾಲು ಪಾಲು ಕೆಡುವುದು ಅಲ್ಲೇ. ದೋಸೆ ಹಿಟ್ಟನ್ನು ಎಷ್ಟು ತಿರುವಿದರೂ ತೊಂದರೆ ಇಲ್ಲ. ಅಕ್ಕಿ, ಉದ್ದಿನಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇರುವುದಿಲ್ಲ. ಗೋಧಿಯಲ್ಲಿ ಇದೆ. ನೀರು ಸೇರಿಸಿ ತಿರುವಿದಷ್ಟೂ ಅದು ಎಳೆ ಎಳೆಯಾಗಿ ಬಲಿಯುತ್ತದೆ. ಚಪಾತಿ ಹಿಟ್ಟನ್ನು ನಾದುವುದು ಇದಕ್ಕೇ ಅಲ್ವಾ? ಚಪಾತಿಗೆ ಬೇಕಾದ ಆ ಎಳೆತವೇ ಪ್ಯಾನ್‌ಕೇಕಿನಲ್ಲಿ ರಬ್ಬರು.

ಹಾಗಾಗಿ ಒಣ ಸಾಮಾನು ಒಂದು ಪಾತ್ರೆ, ಹಸಿ ಸಾಮಾನು ಇನ್ನೊಂದು ಪಾತ್ರೆ. ಕೊನೆಗೆ ಎರಡನ್ನೂ ಸೇರಿಸಿ, ಚಮಚದಲ್ಲಿ ಹತ್ತು ಹದಿನೈದು ಸುತ್ತು ತಿರುವಿ ನಿಲ್ಲಿಸಿ. ಒಣ ಹಿಟ್ಟು ಕಾಣದಿದ್ದರೆ ಸಾಕು. ಸಣ್ಣ ಸಣ್ಣ ಗಂಟು ಇರುತ್ತದೆ, ಇರಲಿ. ನಾನು ಹಾಗೆ ಬಿಟ್ಟು ಹಾಲು ತರಲು ಹೋಗಿದ್ದಾಗ ಅತ್ತೆ ನೋಡಿದರು. "ಇದೇನೇ, ಇಷ್ಟು ಗಂಟು!" ಎಂದು ಎರಡು ನಿಮಿಷ ಕಡೆದೇ ಬಿಟ್ಟರು. ಅವತ್ತಿನ ಪ್ಯಾನ್‌ಕೇಕ್ ನಾಯಿಯೂ ಮೂಸಿ ನೋಡಿ ಹೋಯಿತು.

ತಿರುವಿದ ಮೇಲೆ 10 ನಿಮಿಷ ಮುಚ್ಚಿಡಿ. ಗೋಧಿ ಹಿಟ್ಟಿನಲ್ಲಿ ಹೊಟ್ಟಿನ ಅಂಶ ಇದೆ, ಅದು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಗಂಟುಗಳೂ ಅಷ್ಟರಲ್ಲಿ ನೆನೆದು ಮೆತ್ತಗಾಗುತ್ತವೆ.

ನನ್ನ ಅಳತೆ ಇದು, ಅಂಗೈ ಅಗಲದವು ಏಳೆಂಟು ಆಗುತ್ತವೆ. ಗೋಧಿ ಹಿಟ್ಟು 1 ಕಪ್, ರಾಗಿ ಹಿಟ್ಟು ಕಾಲು ಕಪ್, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಸಕ್ಕರೆ 1 ದೊಡ್ಡ ಚಮಚ. ಹಸಿ ಪಾತ್ರೆಗೆ ಒಂದು ಮೊಟ್ಟೆ, 1 ಕಪ್ ದಪ್ಪ ಮಜ್ಜಿಗೆ, ಕರಗಿಸಿದ ಬೆಣ್ಣೆ 2 ದೊಡ್ಡ ಚಮಚ. ಹದ ಇಡ್ಲಿ ಹಿಟ್ಟಿನದು, ದೋಸೆ ಹಿಟ್ಟಿನದಲ್ಲ. ಗಟ್ಟಿ ಅನ್ನಿಸಿದರೆ ಸ್ವಲ್ಪ ಹಾಲು. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಎಳೆತ ಕಮ್ಮಿಯಾಗುತ್ತದೆ, ಹೊಟ್ಟೆಗೂ ಗಟ್ಟಿ. ಮೊಟ್ಟೆ ಬೇಡದವರು ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ ಎರಡು ಕಿವುಚಿ ಹಾಕಿ. ಅಷ್ಟು ಹಗುರ ಆಗುವುದಿಲ್ಲ, ರುಚಿಗೆ ಮೋಸವಿಲ್ಲ.

ಮಜ್ಜಿಗೆ ಸುಮ್ನೆ ರುಚಿಗಲ್ಲ. ಸೋಡಾಕ್ಕೆ ಹುಳಿ ಸಿಕ್ಕರೆ ಮಾತ್ರ ಸರಿಯಾಗಿ ಗಾಳಿ ಬರುತ್ತದೆ. ಹುಳಿ ಇಲ್ಲದ ಸೋಡಾ ಸೋಪಿನ ರುಚಿ ಕೊಡುತ್ತದೆ. ಬೇಕಿಂಗ್ ಪೌಡರಿನಲ್ಲಿ ಸೋಡಾ, ಹುಳಿ ಎರಡೂ ಒಣ ರೂಪದಲ್ಲಿ ಒಟ್ಟಿಗೇ ಇರುತ್ತವೆ. ಹುಳಿ ಅಂದ ಕೂಡಲೇ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕಬಹುದಾ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. ಅದನ್ನು ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಇಡಿ.

ಕೊಡಗಿನವರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಇಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ. ಬೇಕಿಂಗ್ ಪೌಡರ್ ಬದುಕಿರುತ್ತದಾ? ತೇವ ತಾಗಿದರೆ ಅದರ ಕೆಲಸ ಡಬ್ಬಿಯಲ್ಲೇ ಮುಗಿಯುತ್ತದೆ. ಅರ್ಧ ಲೋಟ ಬಿಸಿನೀರಿಗೆ ಒಂದು ಚಮಚ ಹಾಕಿ ನೋಡಿ. ಭುಸ್ ಎಂದು ನೊರೆ ಬಂದರೆ ಸರಿ, ಇಲ್ಲವಾದರೆ ಎಸೆಯಿರಿ. ಇನ್ನೊಂದು, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಿಟ್ಟಿನೊಳಗಿನ ಗುಳ್ಳೆ ಸ್ವಲ್ಪ ಹೆಚ್ಚೇ ಹಿಗ್ಗುತ್ತದೆ. ಬಯಲುಸೀಮೆಯ ಅಳತೆಗಿಂತ ಪೌಡರ್ ಒಂದು ಚೂರು ಕಮ್ಮಿ ಹಾಕಿದರೂ ನಡೆಯುತ್ತದೆ. ಮಳೆಗಾಲದ ಆಟಿ ತಿಂಗಳ ಚಳಿಗೆ ದೋಸೆ ಹಿಟ್ಟು ಹುಳಿ ಬರದೆ ಕೂತಾಗ, ರಾತ್ರಿಯಿಡೀ ಕಾಯಬೇಕಿಲ್ಲದ ಈ ತಿಂಡಿ ನನಗೆ ಎಷ್ಟೋ ಬೆಳಗ್ಗೆ ಕೈ ಹಿಡಿದಿದೆ.

ಈಗ ಒಲೆ. ದೋಸೆಗೆ ನೀರು ಚಿಮುಕಿಸಿ ಚೊರ್ ಅನ್ನುವ ತನಕ ಕಾಯುತ್ತೀರಿ. ಅಷ್ಟು ಕಾದ ಕಾವಲಿಯಲ್ಲಿ ಪ್ಯಾನ್‌ಕೇಕಿನ ಹೊರಗೆ ಕರಕಲು, ಒಳಗೆ ಹಸಿ. ಉರಿ ಮಧ್ಯಮಕ್ಕಿಂತ ಸಣ್ಣಗಿರಲಿ. ಒಂದೇ ಕಡೆ ಹಿಟ್ಟು ಸುರಿದು ಕೈ ತೆಗೆಯಿರಿ. ಹರಡಬೇಡಿ, ತಾನೇ ಹರಡಿದಷ್ಟು ಸಾಕು. ಮೇಲೆ ಗುಳ್ಳೆ ಎದ್ದು, ಒಡೆದು, ತೂತು ಮುಚ್ಚದೆ ಹಾಗೇ ಉಳಿದಾಗ, ಅಂಚಿನ ಹೊಳಪು ಹೋದಾಗ ಮಗುಚಿ. ಒಂದೇ ಸಲ. ಆಮೇಲೆ ಸಟ್ಟುಗದಿಂದ ಅದುಮುವ ಆಸೆ ಬರುತ್ತದೆ, ಅದುಮಿದರೆ ಕಷ್ಟಪಟ್ಟು ತುಂಬಿದ ಗಾಳಿಯೆಲ್ಲ ಹೋಯಿತು. ಮೊದಲನೆಯದು ಹಾಳಾದರೆ ಬೇಜಾರಿಲ್ಲ, ಅದೊಂದು ಮಾತ್ರ ದೋಸೆಯ ಹಾಗೇ.

ಮೇಲೆ ಸುರಿಯಲು ಮೇಪಲ್ ಸಿರಪ್ಪೇ ಬೇಕೆಂದಿಲ್ಲ. ಅದೂ ಮರದ ರಸ ಕುದಿಸಿದ್ದೇ, 1 ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. ಬೆಲೆ ಯಾಕೆ ಅಷ್ಟು ಅಂತ ಗೊತ್ತಾಯಿತಲ್ಲ. ನಮ್ಮ ಜೇನು ಸಾಕು, ಜೋನಿ ಬೆಲ್ಲ (ನೀರು ಬೆಲ್ಲ) ಸಿಕ್ಕರೆ ಇನ್ನೂ ಚೆನ್ನ.

ಉಳಿದ ಹಿಟ್ಟನ್ನು ನಾಳೆಗೆ ಎಂದು ಫ್ರಿಜ್ಜಿನಲ್ಲಿಡಬೇಡಿ. ದೋಸೆ ಹಿಟ್ಟು ಹೊತ್ತು ಹೋದಷ್ಟೂ ಉಬ್ಬುತ್ತದೆ, ಇದು ಹೊತ್ತು ಹೋದಷ್ಟೂ ಸೋಲುತ್ತದೆ. ಎಲ್ಲವನ್ನೂ ಹೊಯ್ದು ಮುಗಿಸಿ, ಮಿಕ್ಕಿದ್ದನ್ನು ಮರುದಿನ ಕಾವಲಿಯಲ್ಲಿ ಬಿಸಿ ಮಾಡಿ. ನಮ್ಮ ಮಾವ ಹಾಗೆ ಬಿಸಿ ಮಾಡಿದ್ದಕ್ಕೆ ಹಿಂದಿನ ರಾತ್ರಿಯ ಪಂದಿ ಕರಿ ಸುರಿದುಕೊಂಡು ತಿಂದರು. ಜೇನಿನ ಬಾಟಲಿ ಮುಟ್ಟಲೇ ಇಲ್ಲ.