ಏಳು ಕೋಟಿ ಡಾಲರಿನ ಗೋಲ್‌ಕೀಪರ್

2019ರ ಜುಲೈ 1ರಂದು ಅಮೆರಿಕದ ಫ್ಲಾರಿಡಾ ಪ್ಯಾಂಥರ್ಸ್ ಐಸ್ ಹಾಕಿ ತಂಡವು ರಷ್ಯಾದ ಗೋಲ್‌ಕೀಪರ್ ಸೆರ್ಗೆಯ್ ಬೊಬ್ರೊವ್ಸ್ಕಿ ಅವರೊಂದಿಗೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ ಏಳು ಕೋಟಿ ಡಾಲರ್, ಅಂದರೆ ವರ್ಷಕ್ಕೆ ಒಂದು ಕೋಟಿ. ಆಗ ಅವರಿಗೆ ಮೂವತ್ತು ವರ್ಷ. ಲೀಗಿನ ಅತ್ಯುತ್ತಮ ಗೋಲ್‌ಕೀಪರ್‌ಗೆ ಸಲ್ಲುವ ವೆಜಿನಾ ಟ್ರೋಫಿಯನ್ನು ಕೊಲಂಬಸ್ ತಂಡದಲ್ಲಿದ್ದಾಗ 2013 ಮತ್ತು 2017ರಲ್ಲಿ ಅವರು ಗೆದ್ದಿದ್ದರು. ಎನ್‌ಎಚ್‌ಎಲ್ ಎಂದು ಹೆಸರಾದ ಆ ಲೀಗಿನಲ್ಲಿ, ಐಪಿಎಲ್ ಹರಾಜಿನ ಹಾಗೆಯೇ, ಪ್ರತಿ ತಂಡವೂ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಹಣಕ್ಕೆ ಮಿತಿಯಿದೆ. ಆ ವರ್ಷದ ಮಿತಿ 8.15 ಕೋಟಿ ಡಾಲರ್. ಇಪ್ಪತ್ತಕ್ಕೂ ಹೆಚ್ಚು ಆಟಗಾರರಿಗೆ ಹಂಚಬೇಕಾದ ಆ ಗಂಟಿನಲ್ಲಿ ಶೇಕಡ 12ಕ್ಕೂ ಹೆಚ್ಚಿನ ಪಾಲು ಒಬ್ಬರಿಗೇ ಹೋಯಿತು.

ಮೊದಲ ಋತುವಿನಲ್ಲಿ ಬೊಬ್ರೊವ್ಸ್ಕಿ ತಮ್ಮತ್ತ ಬಂದ ಹೊಡೆತಗಳಲ್ಲಿ ಶೇಕಡ 90ರಷ್ಟನ್ನು ಮಾತ್ರ ತಡೆದರು. ಅಭಿಮಾನಿಗಳು ಸಿಟ್ಟಾದರು, ತಂಡದ ಕೈಕಾಲು ಕಟ್ಟಿಹಾಕಿದ ಒಪ್ಪಂದ ಇದು ಎಂಬ ಮಾತು ವರ್ಷ ವರ್ಷವೂ ಕೇಳಿಬಂತು. 2023ರ ವಸಂತದಲ್ಲಂತೂ ಲೀಗಿನ ಕನಿಷ್ಠ ವೇತನದ ಆಸುಪಾಸಿನಲ್ಲಿದ್ದ ಅಲೆಕ್ಸ್ ಲಯನ್ ಅವರಿಗೆ ಗೋಲು ಕಾಯುವ ಕೆಲಸ ಸಿಕ್ಕಿ, ಕೋಟಿ ಡಾಲರಿನ ಬೊಬ್ರೊವ್ಸ್ಕಿ ಬೆಂಚಿನ ಮೇಲೆ ಕುಳಿತಿದ್ದರು. ಅದಾಗಿ ಎರಡೇ ವರ್ಷಗಳಲ್ಲಿ, 2024 ಮತ್ತು 2025ರಲ್ಲಿ, ಅದೇ ಬೊಬ್ರೊವ್ಸ್ಕಿ ಗೋಲಿನ ಮುಂದೆ ನಿಂತಿದ್ದಾಗ ಫ್ಲಾರಿಡಾ ತಂಡ ಲೀಗಿನ ಚಾಂಪಿಯನ್‌ಗೆ ಸಲ್ಲುವ ಸ್ಟಾನ್ಲಿ ಕಪ್ ಅನ್ನು ಸತತ ಎರಡು ಬಾರಿ ಗೆದ್ದಿತು. ಆಗ ಆ ಒಪ್ಪಂದವನ್ನು ಹೊಗಳಿದವರಿಗೆ ಲೆಕ್ಕವಿಲ್ಲ. ಕಾಗದದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ಒಬ್ಬ ಗೋಲ್‌ಕೀಪರ್ ತನ್ನ ಸಂಬಳಕ್ಕೆ ತಕ್ಕವನೇ ಎಂಬುದನ್ನು ಅಳೆಯುವುದು ಹೇಗೆ? ಇದು ಅಂಕಿಅಂಶ ವಿಜ್ಞಾನದ ಪ್ರಶ್ನೆ. ಸ್ಟೇಡಿಯಂನ ಮೆಟ್ಟಿಲುಗಳ ಮೇಲೆ ನಡೆಯುವ ಬಹುಪಾಲು ವಾದಗಳು ಅದರ ಕಷ್ಟವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಕೆಲಸದ ಸ್ವರೂಪವನ್ನು ನೋಡಬೇಕು. ಗೋಲಿನ ಬಾಯಿ 1.83 ಮೀಟರ್ ಅಗಲ, 1.22 ಮೀಟರ್ ಎತ್ತರ. ಪಕ್ ಎಂದು ಕರೆಯುವ, 165 ಗ್ರಾಂ ಆಸುಪಾಸಿನ ಗಟ್ಟಿ ರಬ್ಬರ್ ಬಿಲ್ಲೆ ಮಂಜಿನ ಮೇಲೆ ಪುಟಿಯದಿರಲೆಂದು ಪಂದ್ಯಕ್ಕೆ ಮುನ್ನ ಅದನ್ನು ಶೀತಲಗೊಳಿಸಿ ಇಟ್ಟಿರುತ್ತಾರೆ. ಬಲವಾದ ಹೊಡೆತದಲ್ಲಿ ಅದರ ವೇಗ ಗಂಟೆಗೆ 160 ಕಿಲೋಮೀಟರ್ ಮುಟ್ಟುತ್ತದೆ. ಸುಮಾರು 20 ಮೀಟರ್ ದೂರದಿಂದ ಹೊರಟರೂ ಅದು ಅರ್ಧ ಸೆಕೆಂಡಿನೊಳಗೆ ಗೋಲು ತಲುಪುತ್ತದೆ. ಆರು ಮೀಟರ್ ದೂರದಿಂದ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬಂದರೆ ಸಿಗುವ ಸಮಯ 0.17 ಸೆಕೆಂಡಿನಷ್ಟು. ಕಣ್ಣು ಕಂಡದ್ದಕ್ಕೆ ಮನುಷ್ಯನ ದೇಹ ಪ್ರತಿಕ್ರಿಯಿಸಲು ಸಾಮಾನ್ಯವಾಗಿ 0.2 ಸೆಕೆಂಡ್ ಹಿಡಿಯುತ್ತದೆ. ಆದ್ದರಿಂದ ಹತ್ತಿರದ ಹೊಡೆತವನ್ನು ಗೋಲ್‌ಕೀಪರ್ ನೋಡಿ ತಡೆಯುವುದಿಲ್ಲ. ಎದುರಾಳಿಯ ಭುಜ, ಮಣಿಕಟ್ಟು, ಕೋಲಿನ ಬಾಗು ಇವುಗಳನ್ನು ಓದಿ, ಪಕ್ ಬರಬಹುದಾದ ಕೋನವನ್ನು ಮೊದಲೇ ಊಹಿಸಿ, ಮಂಡಿಯೂರಿ ಕಾಲಿನ ಪ್ಯಾಡುಗಳನ್ನು ಎರಡೂ ಬದಿಗೆ ಚಾಚಿ, ಗೋಲಿನ ಅತಿ ಹೆಚ್ಚು ಭಾಗವನ್ನು ಮೈಯಿಂದಲೇ ಮುಚ್ಚಿರುತ್ತಾನೆ. ಹೀಗೆ ಸರಿಯಾದ ಜಾಗದಲ್ಲಿ ನಿಂತಿದ್ದರಿಂದಲೇ ತಪ್ಪಿದ ಗೋಲುಗಳು ನೋಡುವವರಿಗೆ ಸಾಧನೆಯಂತೆ ಕಾಣುವುದೇ ಇಲ್ಲ. 2024ರ ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ವಿರುದ್ಧ ಬೊಬ್ರೊವ್ಸ್ಕಿ ಆಟದ ಕಡೆಗೆ ಬೆನ್ನು ತಿರುಗಿದ್ದ ಸ್ಥಿತಿಯಲ್ಲೇ ಹಿಂದಕ್ಕೆ ಜಿಗಿದು, ಮ್ಯಾಟ್ ಡುಂಬಾ ಅವರ ಹೊಡೆತವನ್ನು ಕೈಚಾಚಿ ತಡೆದದ್ದನ್ನು ಜನ ಮತ್ತೆ ಮತ್ತೆ ನೋಡಿದರು. ಅದು ಅದ್ಭುತವೇ ಹೌದು. ಆದರೆ ಅಂಥದ್ದು ವರ್ಷಕ್ಕೊಮ್ಮೆ ನಡೆಯುತ್ತದೆ. ಸಂಬಳ ಸಲ್ಲುವುದು ಉಳಿದ ಸಾವಿರಾರು ಹೊಡೆತಗಳಿಗೆ.

ಆ ಸಾವಿರಾರು ಹೊಡೆತಗಳನ್ನು ಒಂದೇ ಸಂಖ್ಯೆಗೆ ಇಳಿಸುವ ಅಳತೆಗೆ ತಡೆ ಸರಾಸರಿ ಎನ್ನೋಣ. ಸಾವಿರ ಹೊಡೆತಗಳಲ್ಲಿ 910 ತಡೆದರೆ ಸರಾಸರಿ 0.910. ಇತ್ತೀಚಿನ ವರ್ಷಗಳ ಲೀಗಿನಲ್ಲಿ 0.905 ಎಂದರೆ ಸಾಧಾರಣ, 0.915 ಎಂದರೆ ಉತ್ತಮ ಎಂದು ಸ್ಥೂಲವಾಗಿ ಹೇಳಬಹುದು. ಈ ಅಂತರ ಅಲ್ಪವೆನಿಸುತ್ತದೆ. ಆದರೆ ಮೊದಲ ಆಯ್ಕೆಯ ಗೋಲ್‌ಕೀಪರ್ ಒಂದು ಋತುವಿನಲ್ಲಿ ಸುಮಾರು 1,600 ಹೊಡೆತಗಳನ್ನು ಎದುರಿಸುತ್ತಾನಾದ್ದರಿಂದ ಅದು 16 ಗೋಲುಗಳ ವ್ಯತ್ಯಾಸ. ಸುಮಾರು ಆರು ಗೋಲುಗಳು ಒಂದು ಗೆಲುವಿಗೆ ಸಮ ಎಂಬ ರೂಢಿಯ ಲೆಕ್ಕ ಹಿಡಿದರೆ ಎರಡೂವರೆ ಗೆಲುವು, ಅಂದರೆ ಐದು ಅಂಕ. 2023ರಲ್ಲಿ ಫ್ಲಾರಿಡಾ 92 ಅಂಕಗಳೊಂದಿಗೆ ಪ್ಲೇಆಫ್‌ಗೆ ಹೋಯಿತು, ಪಿಟ್ಸ್‌ಬರ್ಗ್ 91 ಅಂಕಗಳೊಂದಿಗೆ ಮನೆಗೆ ಹೋಯಿತು. ಹೀಗಾಗಿ ಉತ್ತಮ ಗೋಲ್‌ಕೀಪರ್‌ಗೆ ದೊಡ್ಡ ಸಂಬಳ ಕೊಡುವುದು ಮೂರ್ಖತನವೇನಲ್ಲ. ಆತ ಉತ್ತಮನೆಂದು ಗೊತ್ತಾಗಬೇಕು, ಅಷ್ಟೇ.

ತೊಡಕಿರುವುದು ಅಲ್ಲಿಯೇ. ನಿಜವಾದ ಸಾಮರ್ಥ್ಯ 0.910 ಇರುವ ಒಬ್ಬ ಗೋಲ್‌ಕೀಪರ್‌ನನ್ನು ಊಹಿಸಿಕೊಳ್ಳಿ. ಪ್ರತಿ ಹೊಡೆತವೂ ಒಂದೇ ಬಗೆಯದ್ದು, ಅವನ ಕೌಶಲ ಒಂದಿಷ್ಟೂ ಏರುಪೇರಾಗುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ 1,600 ಹೊಡೆತಗಳಲ್ಲಿ ಅವನು ಬಿಟ್ಟುಕೊಡುವ ಗೋಲುಗಳು ಪ್ರತಿ ವರ್ಷವೂ ಸರಿಯಾಗಿ 144 ಆಗಿರುವುದಿಲ್ಲ. ಸಂಭವನೀಯತೆಯ ನಿಯಮದ ಪ್ರಕಾರ, ಹೊಡೆತಗಳ ಸಂಖ್ಯೆ, ಗೋಲಾಗುವ ಸಂಭವ, ಆಗದಿರುವ ಸಂಭವ ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಏರಿಳಿತದ ಸಹಜ ಅಳತೆ ಸಿಗುತ್ತದೆ. ಇಲ್ಲಿ ಅದು 11ಕ್ಕಿಂತ ತುಸು ಹೆಚ್ಚು ಗೋಲು. ಅದರ ಎರಡರಷ್ಟನ್ನು ಮೇಲಕ್ಕೂ ಕೆಳಕ್ಕೂ ಬಿಟ್ಟರೆ ನೂರರಲ್ಲಿ 95 ಋತುಗಳು ಆ ವ್ಯಾಪ್ತಿಯೊಳಗೆ ಬೀಳುತ್ತವೆ. ತಡೆ ಸರಾಸರಿಯ ಭಾಷೆಯಲ್ಲಿ ಅದು 0.896ರಿಂದ 0.924ರವರೆಗಿನ ವ್ಯಾಪ್ತಿ. ಅಂದರೆ ಕೇವಲ ಅದೃಷ್ಟದ ಬಲದಿಂದ ಅದೇ ಮನುಷ್ಯ ಒಂದು ವರ್ಷ ಕೆಲಸಕ್ಕೆ ಬಾರದವನಂತೆಯೂ ಮತ್ತೊಂದು ವರ್ಷ ವೆಜಿನಾ ಟ್ರೋಫಿಗೆ ಅರ್ಹನಂತೆಯೂ ಕಾಣಿಸಬಹುದು.

ಈಗ ಫ್ಲಾರಿಡಾದಲ್ಲಿ ಬೊಬ್ರೊವ್ಸ್ಕಿ ಅವರ ಮೊದಲ ಐದು ಋತುಗಳ ಸಂಖ್ಯೆಗಳನ್ನು ನೋಡಿ: 0.900, 0.906, 0.913, 0.901, 0.915. ಅಭಿಮಾನಿಗಳು ಕುಸಿತ, ಚೇತರಿಕೆ, ಮತ್ತೆ ಕುಸಿತ, ಪುನರ್ಜನ್ಮ ಎಂದೆಲ್ಲ ಕಥೆ ಕಟ್ಟಿದ ಈ ಐದೂ ಸಂಖ್ಯೆಗಳು ನಮ್ಮ ಕಾಲ್ಪನಿಕ, ಬದಲಾಗದ ಗೋಲ್‌ಕೀಪರ್‌ನ ವ್ಯಾಪ್ತಿಯೊಳಗೇ ಇವೆ. ಬೊಬ್ರೊವ್ಸ್ಕಿ ಬದಲಾಗಲೇ ಇಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಬದಲಾದರು ಎನ್ನಲು ಈ ಸಂಖ್ಯೆಗಳಷ್ಟೇ ಸಾಲವು ಎಂಬುದು ಮಾತ್ರ ಸಿದ್ಧವಾಗುತ್ತದೆ. ಇದರ ಮೇಲೆ ಅಳತೆಗೋಲೂ ಸರಿಯುತ್ತಿದೆ: 2016ರ ಸುಮಾರಿಗೆ 0.915ರ ಆಸುಪಾಸಿನಲ್ಲಿದ್ದ ಇಡೀ ಲೀಗಿನ ಸರಾಸರಿ 2024ರ ಹೊತ್ತಿಗೆ 0.903ರ ಸಮೀಪಕ್ಕೆ ಇಳಿದಿತ್ತು. ಹಾಗಾಗಿ ಕೊನೆಯ 0.915 ನಿಜಕ್ಕೂ ಒಳ್ಳೆಯ ಸಂಖ್ಯೆ. ಎಂಟು ವರ್ಷ ಹಿಂದೆ ಅದು ತೀರಾ ಸಾಮಾನ್ಯವಾಗಿತ್ತು.

ಹೆಚ್ಚು ಹೊಡೆತಗಳನ್ನು ಸೇರಿಸಿದರೆ ಅದೃಷ್ಟದ ಪಾಲು ಕರಗುತ್ತದೆ, ನಿಜ. ಆದರೆ ಬಹಳ ನಿಧಾನವಾಗಿ: ಅನಿಶ್ಚಿತತೆ ಅರ್ಧವಾಗಬೇಕಾದರೆ ಹೊಡೆತಗಳು ನಾಲ್ಕು ಪಟ್ಟಾಗಬೇಕು. ಉತ್ತಮನನ್ನೂ ಸಾಧಾರಣನನ್ನೂ ತಕ್ಕಮಟ್ಟಿನ ಭರವಸೆಯಿಂದ ಬೇರ್ಪಡಿಸಲು ನಾಲ್ಕು ಋತುಗಳಾದರೂ ಬೇಕು. ಅಷ್ಟರಲ್ಲಿ ಆ ಆಟಗಾರನಿಗೆ ನಾಲ್ಕು ವರ್ಷ ಹೆಚ್ಚಾಗಿರುತ್ತದೆ, ಸೊಂಟ ಮತ್ತು ಮಂಡಿಗಳು ಸವೆದಿರುತ್ತವೆ, ಮುಂದೆ ಆಡುವ ರಕ್ಷಣಾ ಆಟಗಾರರು ಬದಲಾಗಿರುತ್ತಾರೆ. ಸಾಕಷ್ಟು ಪುರಾವೆ ಕೂಡುವ ಹೊತ್ತಿಗೆ ಅಳೆಯಹೊರಟ ವಸ್ತುವೇ ಬೇರೆಯಾಗಿರುತ್ತದೆ. ಗೋಲ್‌ಕೀಪರ್‌ಗಳ ಮೌಲ್ಯಮಾಪನದಲ್ಲಿ ಇದಕ್ಕಿಂತ ಮೂಲಭೂತವಾದ ಅಡ್ಡಿ ನನಗೆ ಬೇರೊಂದು ಕಾಣುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಅನ್ಯಾಯವನ್ನೂ ಬಯಲಿಗೆಳೆಯುತ್ತದೆ. ದೊಡ್ಡ ಒಪ್ಪಂದ ಯಾರಿಗೆ ಸಿಗುತ್ತದೆ? ಅಮೋಘ ಋತುಗಳನ್ನು ಆಡಿದವರಿಗೆ. ಅಮೋಘ ಋತುವೆಂದರೆ ಬಹುತೇಕ ಸಂದರ್ಭಗಳಲ್ಲಿ ಒಳ್ಳೆಯ ಕೌಶಲದ ಜೊತೆ ಒಳ್ಳೆಯ ಅದೃಷ್ಟವೂ ಕೂಡಿದ ಋತು. ಕೌಶಲ ಮುಂದಿನ ವರ್ಷಕ್ಕೂ ಜೊತೆಗೆ ಬರುತ್ತದೆ, ಅದೃಷ್ಟ ಬರುವ ಖಾತ್ರಿಯಿಲ್ಲ; ಆದ್ದರಿಂದ ಸಹಿ ಹಾಕಿದ ನಂತರದ ಸಂಖ್ಯೆಗಳು ಸರಾಸರಿಯತ್ತ ಇಳಿಯುವುದು ನಿರೀಕ್ಷಿತವೇ. ತೀರಾ ಎತ್ತರದ ತಂದೆತಾಯಿಯರ ಮಕ್ಕಳು ಸಾಮಾನ್ಯವಾಗಿ ಅವರಿಗಿಂತ ತುಸು ಕುಳ್ಳಗಿರುತ್ತಾರೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿಕೊಟ್ಟ ಸಂಗತಿಯೂ ಇದೇ ಬಗೆಯದು. ಹಣ ಕೈಗೆ ಬಂತು, ಆಟ ಬಿಟ್ಟ ಎಂಬ ಆರೋಪವನ್ನು ಆಟಗಾರನ ಮೇಲೆ ಹೊರಿಸುವ ಮೊದಲು ಇದನ್ನು ಯೋಚಿಸಬೇಕಾದದ್ದು ಕನಿಷ್ಠ ಸೌಜನ್ಯ. ಸೋಮಾರಿತನ ಇಲ್ಲದೆಯೂ, ವಯಸ್ಸಿನ ಪ್ರಭಾವ ಇಲ್ಲದೆಯೂ ಆ ಇಳಿತ ಉಂಟಾಗುತ್ತದೆ.

ಹೊಡೆತಗಳೆಲ್ಲ ಒಂದೇ ಬಗೆಯವಲ್ಲ ಎಂಬ ಆಕ್ಷೇಪಕ್ಕೆ ವಿಶ್ಲೇಷಕರು ಕಂಡುಕೊಂಡ ಉತ್ತರ ನಿರೀಕ್ಷಿತ ಗೋಲುಗಳ ಲೆಕ್ಕ. ಹೊಡೆತದ ದೂರ, ಕೋನ, ಬಗೆ, ಅದು ಪುಟಿದು ಬಂದ ಪಕ್‌ನ ಮರುಹೊಡೆತವೇ ಎಂಬುದು, ಇವುಗಳ ಆಧಾರದಲ್ಲಿ ಪ್ರತಿ ಹೊಡೆತವೂ ಗೋಲಾಗುವ ಸಂಭವವನ್ನು ಹಿಂದಿನ ದಾಖಲೆಗಳಿಂದ ಅಂದಾಜಿಸುತ್ತಾರೆ. ಅವೆಲ್ಲವನ್ನೂ ಕೂಡಿಸಿ, ಗೋಲ್‌ಕೀಪರ್ ನಿಜವಾಗಿ ಬಿಟ್ಟ ಗೋಲುಗಳನ್ನು ಅದರಿಂದ ಕಳೆದರೆ ಅವನು ಉಳಿಸಿಕೊಟ್ಟ ಗೋಲುಗಳು ಸಿಗುತ್ತವೆ. ದುರ್ಬಲ ರಕ್ಷಣೆಯ ಹಿಂದೆ ನಿಂತವನಿಗೆ ಇದರಿಂದ ನ್ಯಾಯ ಸಿಗುತ್ತದೆ. ಆದರೆ ಸಾರ್ವಜನಿಕವಾಗಿ ಸಿಗುವ ಪಂದ್ಯದ ದಾಖಲೆಗಳಲ್ಲಿ ಹೊಡೆತಕ್ಕೆ ಮುನ್ನ ಪಕ್ ಅಡ್ಡಡ್ಡಲಾಗಿ ದಾಟಿತೇ, ಗೋಲ್‌ಕೀಪರ್‌ನ ಕಣ್ಣಿಗೆ ಯಾರಾದರೂ ಅಡ್ಡ ನಿಂತಿದ್ದರೇ ಎಂಬ ವಿವರಗಳು ಇರುವುದಿಲ್ಲ. ಒಂದು ಹೊಡೆತವನ್ನು ಬಹಳ ಕಠಿಣವಾಗಿಸುವ ಸಂಗತಿಗಳಲ್ಲಿ ಈ ಎರಡೂ ಸೇರಿವೆ.

ಇನ್ನು ಪ್ಲೇಆಫ್. 2023ರ ಏಪ್ರಿಲ್ 26ರಂದು, 65 ಗೆಲುವು ಮತ್ತು 135 ಅಂಕಗಳ ದಾಖಲೆ ಮಾಡಿದ್ದ ಬಾಸ್ಟನ್ ವಿರುದ್ಧ, ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದೆ ಹೋಗುವ ಸರಣಿಯಲ್ಲಿ ಫ್ಲಾರಿಡಾ 1-3ರಿಂದ ಹಿಂದಿತ್ತು. ಲಯನ್ ಬದಲಿಗೆ ಬೊಬ್ರೊವ್ಸ್ಕಿ ಮರಳಿದ್ದರು. ಐದನೇ ಪಂದ್ಯ 3-3ರ ಸಮಬಲದಲ್ಲಿದ್ದಾಗ, ನಿಗದಿತ ಅವಧಿಯ ಕೊನೆಯ ಕ್ಷಣಗಳಲ್ಲಿ ಬಾಸ್ಟನ್‌ನ ಬ್ರಾಡ್ ಮಾರ್ಶಂಡ್ ಒಬ್ಬರೇ ಪಕ್ ಸಮೇತ ಗೋಲಿನತ್ತ ನುಗ್ಗಿದರು. ಒಬ್ಬನ ಎದುರು ಒಬ್ಬನೇ ನಿಂತಾಗ ಮೂರರಲ್ಲಿ ಒಂದು ಪ್ರಯತ್ನ ಗೋಲಾಗುವುದು ವಾಡಿಕೆ. ಬೊಬ್ರೊವ್ಸ್ಕಿ ತಡೆದರು. ಹೆಚ್ಚುವರಿ ಅವಧಿಯಲ್ಲಿ ಫ್ಲಾರಿಡಾದ ಮ್ಯಾಥ್ಯೂ ಕಚಕ್ ಗೋಲು ಹೊಡೆದರು, ಫ್ಲಾರಿಡಾ ಸರಣಿಯನ್ನೂ ಗೆದ್ದು ಫೈನಲ್‌ವರೆಗೆ ಹೋಯಿತು. ಆ ಒಂದು ಪಕ್ ಒಳಗೆ ಹೋಗಿದ್ದರೆ ಬೊಬ್ರೊವ್ಸ್ಕಿ ಅವರ ನಾಲ್ಕನೇ ವರ್ಷವೂ ವ್ಯರ್ಥವೆಂದೇ ದಾಖಲಾಗುತ್ತಿತ್ತು; ಆದರೆ ಅವರ ಸಾಮರ್ಥ್ಯದ ಬಗೆಗಿನ ನಮ್ಮ ತಿಳಿವಳಿಕೆ ಒಂದು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. 2024ರ ಫೈನಲ್‌ನಲ್ಲಂತೂ ಮೊದಲ ಪಂದ್ಯದಲ್ಲಿ 32ಕ್ಕೆ 32 ಹೊಡೆತಗಳನ್ನು ತಡೆದವರು, ಒಂದೇ ವಾರದ ನಂತರ ನಾಲ್ಕನೇ ಪಂದ್ಯದಲ್ಲಿ 16 ಹೊಡೆತಗಳಿಗೆ ಐದು ಗೋಲು ಬಿಟ್ಟು ಹೊರನಡೆದರು. ಏಳನೆಯದನ್ನು 2-1ರಿಂದ ಗೆದ್ದರು.

ಅಭಿಮಾನಿಗಳಷ್ಟೇ ಎಡವುತ್ತಾರೆ ಎನ್ನುವಂತಿಲ್ಲ. 2011ರಲ್ಲಿ ಫಿಲಡೆಲ್ಫಿಯಾ ತಂಡ ಇಲ್ಯಾ ಬ್ರಿಜ್ಗಾಲೊವ್ ಅವರಿಗೆ ಒಂಬತ್ತು ವರ್ಷಗಳಿಗೆ 5.1 ಕೋಟಿ ಡಾಲರ್ ಕೊಡಲು ಒಪ್ಪಿತು. ಜಾಗವಿಲ್ಲವಾದ್ದರಿಂದ ಯುವ ಗೋಲ್‌ಕೀಪರ್ ಒಬ್ಬರನ್ನು ಮರುವರ್ಷ ಕೊಲಂಬಸ್‌ಗೆ ಬಿಟ್ಟುಕೊಟ್ಟಿತು. ಆ ಯುವಕನೇ ಬೊಬ್ರೊವ್ಸ್ಕಿ. ಹೋದ ಮೊದಲ ಋತುವಿನಲ್ಲೇ ಅವರು ವೆಜಿನಾ ಗೆದ್ದರು. ಅತ್ತ ಫಿಲಡೆಲ್ಫಿಯಾ 2013ರಲ್ಲಿ ಬ್ರಿಜ್ಗಾಲೊವ್ ಒಪ್ಪಂದವನ್ನು ಮುರಿದು, ಬಾಕಿ ಹಣವನ್ನು 2027ರವರೆಗೆ ಕಂತಿನಲ್ಲಿ ಕೊಡಬೇಕಾಯಿತು. ಇಬ್ಬರನ್ನೂ ನಿತ್ಯ ಅಭ್ಯಾಸದಲ್ಲಿ ಕಣ್ಣಾರೆ ಕಂಡವರ ತೀರ್ಮಾನವಿದು. ಮಾಂಟ್ರಿಯಲ್‌ನ ಕೇರಿ ಪ್ರೈಸ್ 2017ರಲ್ಲಿ ಎಂಟು ವರ್ಷಗಳಿಗೆ 8.4 ಕೋಟಿಯ ಒಪ್ಪಂದ ಮಾಡಿಕೊಂಡರು, 2021ರಲ್ಲಿ ತಂಡವನ್ನು ಫೈನಲ್‌ಗೆ ಒಯ್ದರು. ಮಂಡಿಯ ನೋವಿನಿಂದ ಮರುವರ್ಷ ಐದೇ ಪಂದ್ಯ ಆಡಿದ ಮೇಲೆ ಮತ್ತೆ ಮಂಜಿಗಿಳಿಯಲಿಲ್ಲ. ಇನ್ನೊಂದು ತುದಿಯಲ್ಲಿ, 2023ರ ಫೈನಲ್‌ನಲ್ಲಿ ಬೊಬ್ರೊವ್ಸ್ಕಿಯನ್ನು ಸೋಲಿಸಿದ ವೇಗಸ್ ತಂಡದ ಏಡಿನ್ ಹಿಲ್ ಪಡೆಯುತ್ತಿದ್ದುದು 22 ಲಕ್ಷ ಡಾಲರಿಗೂ ಕಡಿಮೆ.

ನನ್ನ ತೀರ್ಮಾನ ಎರಡು ಭಾಗದ್ದು. 2019ರಲ್ಲಿ ತಿಳಿದಿದ್ದಷ್ಟರ ಆಧಾರದಲ್ಲಿ, ಮೂವತ್ತು ದಾಟುತ್ತಿದ್ದ ಗೋಲ್‌ಕೀಪರ್‌ಗೆ ಏಳು ವರ್ಷಗಳ ಖಾತ್ರಿ ಕೊಟ್ಟದ್ದು ದುಬಾರಿ ಪಣವೇ ಆಗಿತ್ತು, ಮತ್ತು ಎರಡು ಕಪ್‌ಗಳು ಆ ಮಾತನ್ನು ಅಳಿಸುವುದಿಲ್ಲ. ಹಾಗೆಯೇ, ಕೊಟ್ಟ ಹಣಕ್ಕೆ ಏನು ಸಿಕ್ಕಿತು ಎಂದು ಕೇಳಿದರೆ, ಸ್ಟಾನ್ಲಿ ಕಪ್ ಗೆದ್ದ ಎರಡು ಋತುಗಳಲ್ಲಿ ಗೋಲು ಕಾದವರಿಗೆ ಕೊಟ್ಟದ್ದು ಹೆಚ್ಚಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಂದು ಅನೇಕ ತಂಡಗಳು ಪಂದ್ಯಗಳನ್ನು ಇಬ್ಬರು ಗೋಲ್‌ಕೀಪರ್‌ಗಳ ನಡುವೆ ಹಂಚಿ ಅಪಾಯವನ್ನು ತಗ್ಗಿಸಿಕೊಳ್ಳುತ್ತಿವೆ. ಆದರೂ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಇಗೋರ್ ಶೆಸ್ಟರ್ಕಿನ್ ಅವರಿಗೆ ಎಂಟು ವರ್ಷಗಳಿಗೆ 9.2 ಕೋಟಿ ಡಾಲರ್ ಕೊಡಲು ಸಹಿ ಹಾಕಿತು. ಆ ಒಪ್ಪಂದ ಜಾರಿಗೆ ಬಂದ 2025-26ರ ಋತುವಿನ ವೇತನ ಮಿತಿ 9.55 ಕೋಟಿ; ಶೆಸ್ಟರ್ಕಿನ್ ಪಾಲು ಅದರಲ್ಲಿ ಶೇಕಡ 12. ಆರು ವರ್ಷ ಹಿಂದೆ ಫ್ಲಾರಿಡಾ ಕೊಟ್ಟದ್ದೂ ಹೆಚ್ಚು ಕಡಿಮೆ ಅಷ್ಟೇ.