ಹೆರಿಗೆ ಬಳ್ಳಾರಿಯಲ್ಲಿ, ಮಗು ಯಾವ ಊರಿನ ಲೆಕ್ಕಕ್ಕೆ?

"ನಮ್ಮ ತಾಲ್ಲೂಕಿನಾಗ ಮಕ್ಕಳು ಹುಟ್ಟೋದೇ ಕಡಿಮೆ ಆಗೇತಿ, ಇಷ್ಟು ಅಂಗನವಾಡಿ ಯಾಕ ಬೇಕು?" ಸಭೆಗಳಲ್ಲಿ ಈ ಮಾತು ಮತ್ತೆ ಮತ್ತೆ ಏಳುತ್ತದೆ. ಹೇಳುವವರ ಕೈಯಲ್ಲಿ ಜನನ ನೋಂದಣಿಯ ಅಂಕಿ ಇರುತ್ತದೆ. ಅಂಕಿ ಸುಳ್ಳಲ್ಲ, ಓದಿದ್ದು ತಪ್ಪು.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಎಲ್ಲಿ ಹುಟ್ಟಿತೋ ನೋಂದಣಿ ಅಲ್ಲೇ. ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಸೊಸೆಯನ್ನು ಕುಬಸ ಮಾಡಿ ಸಿಂಧನೂರು ಕಡೆಯ ತವರಿಗೆ ಕರೆದೊಯ್ಯುತ್ತಾರೆ. ತಿಂಗಳು ತುಂಬಿದಾಗ ಬಿ.ಪಿ. ಏರಿ ಬಳ್ಳಾರಿಗೆ ಕಳಿಸುತ್ತಾರೆ. ನೋಂದಣಿ ಬಳ್ಳಾರಿಯಲ್ಲಿ, ಮೊದಲ ಲಸಿಕೆಗಳು ಸಿಂಧನೂರಿನಲ್ಲಿ, ಅಂಗನವಾಡಿಯ ಊಟ ಕುಷ್ಟಗಿಯಲ್ಲಿ. ಒಂದು ಕೂಸು, ಮೂರು ಜಿಲ್ಲೆ.

ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷ ಜನರ ತಾಲ್ಲೂಕು, ಸಾವಿರಕ್ಕೆ 20ರಂತೆ ವರ್ಷಕ್ಕೆ 2000 ಕೂಸುಗಳು ಎಂದುಕೊಳ್ಳಿ. 800 ಹೆರಿಗೆ ಹೊರಗಾದರೆ ತಾಲ್ಲೂಕಿನ ಪುಸ್ತಕದಲ್ಲಿ ಉಳಿಯುವುದು 1200. ಜನನ ದರ 12! ಆದರೆ ಅಂಗನವಾಡಿಗೆ ಬರುವ ಮಕ್ಕಳು ಕಡಿಮೆಯಾಗಿಲ್ಲ. ಸಾವಿನ ಲೆಕ್ಕ ಇನ್ನೂ ಮೋಸದ್ದು. ಶಿಶು ಮರಣಗಳಲ್ಲಿ ಹೆಚ್ಚಿನವು ಮೊದಲ 28 ದಿನದೊಳಗೇ ಆಗುತ್ತವೆ, ಕಷ್ಟದ ಕೂಸುಗಳು ಇರುವುದು ದೊಡ್ಡಾಸ್ಪತ್ರೆಯಲ್ಲಿ. ಆ 2000ದಲ್ಲಿ 50 ತೀರಿಕೊಂಡು, ಅವುಗಳಲ್ಲಿ 30 ಬಳ್ಳಾರಿಯಲ್ಲಿ ಆಗಿದ್ದರೆ, ನಿಜವಾದ ಶಿಶು ಮರಣ ದರ ಸಾವಿರಕ್ಕೆ 25 ಇದ್ದರೂ ತಾಲ್ಲೂಕಿನ ಕಾಗದದಲ್ಲಿ ಕಾಣುವುದು 17ರ ಒಳಗೆ. ಸಾವು ನಗರದ ಲೆಕ್ಕದಲ್ಲಿ ಕಾಣುವುದರಿಂದ ನಗರದ ಆಸ್ಪತ್ರೆಗೆ ಹಾಸಿಗೆ ಮಂಜೂರಾಗುತ್ತದೆ. ಅದೂ ಬೇಕಿರಬಹುದು. ಆದರೆ ಬಸುರಿಯ ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ ತಪ್ಪಿದ್ದು ಹಳ್ಳಿಯಲ್ಲಿ, ಅದನ್ನು ಕೇಳುವವರೇ ಇಲ್ಲ.

ಇದಕ್ಕೆ ಪರಿಹಾರ ಜನನ ವರದಿಯ ನಮೂನೆ 1ರಲ್ಲೇ ಇದೆ. ಅದರ ಅಂಕಿಅಂಶದ ಭಾಗದಲ್ಲಿ ತಾಯಿ ಸಾಮಾನ್ಯವಾಗಿ ವಾಸಿಸುವ ಊರು ಯಾವುದೆಂದು ಕೇಳುತ್ತಾರೆ. ಹೆರಿಗೆ ಆದ ಊರು ಬೇರೆ ಇರಬಹುದು ಎಂದು ಪಕ್ಕದಲ್ಲೇ ಬರೆದಿದೆ. ಆದರೂ ಕೌಂಟರಿನಲ್ಲಿ ನಿಂತ ಅಜ್ಜಿ ತನ್ನೂರು ಹೇಳುತ್ತಾಳೆ, ಇಲ್ಲವೇ ಬರೆಯುವವರು ಆಸ್ಪತ್ರೆಯ ಊರನ್ನೇ ಇಳಿಸುತ್ತಾರೆ. ಈ ಭಾಗ ಪ್ರಮಾಣಪತ್ರದಲ್ಲಿ ಬರುವುದಿಲ್ಲ, ಹಾಗಾಗಿ ತಿದ್ದಿಸಲು ಯಾರೂ ಬರುವುದಿಲ್ಲ. ಮಗುವಿನ ಹೆಸರಲ್ಲಿ ಒಂದು ಅಕ್ಷರ ತಪ್ಪಿದರೆ ನಾಲ್ಕು ಸಲ ಓಡಾಡುವ ಜನ ನಮ್ಮವರು!

ಅದೇ ಹಾಳೆಯ ಉಳಿದ ಕಾಲಮುಗಳೂ ಹೀಗೇ ಕೆಡುತ್ತವೆ. ಮದುವೆಯಾದಾಗಿನ ವಯಸ್ಸು ಕೇಳುವ ಮೊದಲೇ 18. ಹುಟ್ಟಿ ತೀರಿಕೊಂಡ ಮಗು 'ಜೀವಂತ ಹುಟ್ಟಿದ ಮಕ್ಕಳ' ಎಣಿಕೆಯಿಂದ ಮಾಯ. ತೂಕದ ಯಂತ್ರ 2.43 ತೋರಿಸಿದರೂ ಬರೆಯುವುದು 2.5. 2.5 ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. ಹೀಗೆ ವಯಸ್ಸು, ತೂಕ ಏರಿಸಿ ಬರೆದರೆ ಬಾಲ್ಯವಿವಾಹ, ಅಪೌಷ್ಟಿಕತೆಗಳ ಸುಳಿವು ಅಲ್ಲಿಗೇ ಅಳಿಸಿಹೋಗುತ್ತದೆ.

ವಾಸದ ಊರಿನಂತೆ ಲೆಕ್ಕ ಸರಿಪಡಿಸಿದ ಮೇಲೂ ಒಂದು ಎಚ್ಚರ ಬೇಕು. 30,000 ಜನರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 600 ಹೆರಿಗೆಗೆ ಒಬ್ಬ ತಾಯಿ ತೀರಿಕೊಂಡರೆ ಲಕ್ಷ ಹೆರಿಗೆಗೆ 167 ಎಂದಾಗುತ್ತದೆ, ಮರುವರ್ಷ ಸೊನ್ನೆ. ಅದನ್ನು ಇಟ್ಟುಕೊಂಡು ವೈದ್ಯಾಧಿಕಾರಿಯನ್ನು ಬೈಯುವುದೂ ಹಾರ ಹಾಕುವುದೂ ಎರಡೂ ಸಲ್ಲ. ಅಷ್ಟು ಸಣ್ಣ ಜಾಗದಲ್ಲಿ ಒಂದೊಂದು ಸಾವಿನ ಕಾರಣ ಹುಡುಕಬೇಕು, ದರ ಬೇಕೇ ಬೇಕೆಂದರೆ ಹಲವು ವರ್ಷ ಕೂಡಿಸಿ, ಅದೂ ಹುಷಾರಾಗಿ. ಭಾಗಿಸುವ ಜನಸಂಖ್ಯೆಯನ್ನೂ ನೋಡಿ: 2011ರ ಜನಗಣತಿಯ ಬಳ್ಳಾರಿ ಜಿಲ್ಲೆಯ ಸುಮಾರು 24.5 ಲಕ್ಷದಲ್ಲಿ ಇಂದಿನ ವಿಜಯನಗರ ಜಿಲ್ಲೆಯ ಹೆಚ್ಚಿನ ಭಾಗವೂ ಸೇರಿದೆ.

ಆಶಾ ಅಕ್ಕಂದಿರಿಗೂ ನೋಂದಣಿ ಕೌಂಟರಿನವರಿಗೂ ನನ್ನ ಕೋರಿಕೆ ಇಷ್ಟು: "ಯಾವೂರಮ್ಮ?" ಎಂದು ಕೇಳಬೇಡಿ. "ಬಾಣಂತನ ಮುಗಿದ ಮ್ಯಾಲೆ ಕೂಸನ್ನ ಯಾವೂರಿಗೆ ಕರಕೊಂಡು ಹೋಗ್ತೀರಿ?" ಎಂದು ಕೇಳಿ. ಗುಳೆ ಹೋಗಿ ಮುಂಗಾರಿಗೆ ಮರಳುವವರಾದರೆ ಹಳ್ಳಿಯ ಹೆಸರನ್ನೇ ಬರೆಯಿರಿ. ವರ್ಷಗಟ್ಟಲೆ ಬೆಂಗಳೂರಿನಲ್ಲೇ ನೆಲೆಸಿದವರಾದರೆ ಬೆಂಗಳೂರು.