ಪುಟ್ಟ ರೈಲಿಗೆ ಆಲ್ಕೋ ಸದ್ದು ಬೇಕಾ?

ಹಳೆಯ ಡೀಸೆಲ್ ರೈಲು ಎಂಜಿನ್ ಡಬ್ಲ್ಯುಡಿಎಂ-2 ಬಂದು ನಿಂತರೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಸಣ್ಣಗೆ ನಡುಗುತ್ತಿತ್ತು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸವಾದ್ದರಿಂದ ಅದಕ್ಕೆ ಆಲ್ಕೋ ಅಂತಲೇ ಹೆಸರು. ಕೃಷ್ಣರಾಜಪುರದ ಶೆಡ್ಡಿನ ಆಲ್ಕೋ ಎಂಜಿನ್‌ಗಳ ಗುಡುಗುಡು ಕೇಳುತ್ತಲೇ ನಾನು ಬೆಳೆದಿದ್ದು. ಈಗ ಅದರದ್ದೇ 1:87 ಅಳತೆಯ ಮಾದರಿ ನನ್ನ ಮೇಜಿನ ಮೇಲಿದೆ. ಚೆನ್ನಾಗಿ ಓಡುತ್ತದೆ, ಆದರೆ ಮೋಟಾರಿನ ಸಣ್ಣ ಗುಂಯ್ ಬಿಟ್ಟರೆ ಸದ್ದಿಲ್ಲ. ಇದಕ್ಕೆ ಡಿಜಿಟಲ್ ಕಂಟ್ರೋಲ್, ಜೊತೆಗೆ ಸದ್ದು ಹಾಕಬೇಕಾ? ಈ ಪ್ರಶ್ನೆ ಒಂದು ವರ್ಷ ನನ್ನ ತಲೆ ಕೊರೆಯಿತು.

ಇವು ಎರಡು ಬೇರೆ ಪ್ರಶ್ನೆಗಳು. ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್‌ವರೆಗಿನ ಡಿಸಿ ಕರೆಂಟ್ ಕೊಡುತ್ತೇವೆ. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ, ಪ್ಲಸ್ ಮೈನಸ್ ಅದಲುಬದಲಾದರೆ ರೈಲು ಹಿಂದಕ್ಕೆ ಹೋಗುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ.

1990ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್, ಜರ್ಮನಿಯ ಲೆಂಜ್ ಕಂಪನಿಯ ಕೆಲಸವನ್ನು ಬಳಸಿಕೊಂಡು ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಅನ್ನುವ ಪದ್ಧತಿ ತಂದಿತು. ಇಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಆದರೆ ಪ್ಲಸ್ ಮೈನಸ್ ಪಟಪಟನೆ ಮಗುಚುತ್ತಿರುತ್ತದೆ. 58 ಮೈಕ್ರೋಸೆಕೆಂಡಿಗೆ ಮಗುಚಿದರೆ ಅದು 'ಒಂದು'. 100 ಅಥವಾ ಇನ್ನೂ ಜಾಸ್ತಿ ಹೊತ್ತು ಹಿಡಿದರೆ 'ಸೊನ್ನೆ'. ಈ ಒಂದು ಸೊನ್ನೆಗಳ ಸಾಲಿನಲ್ಲೇ ಎಂಜಿನ್ನಿನ ನಂಬರೂ ಅದಕ್ಕೆ ಕೊಟ್ಟ ಆಜ್ಞೆಯೂ ಇರುತ್ತವೆ. ಎಂಜಿನ್ ಒಳಗಿನ ಡಿಕೋಡರ್, ಅಂದರೆ ಈ ಸಾಲನ್ನು ಓದುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ತನ್ನ ನಂಬರ್ ಕೂಗಿದಾಗ ಮಾತ್ರ ಓಗೊಡುತ್ತದೆ. ಮೋಟಾರು ತಿರುಗಿಸಲು ಬೇಕಾದ ಶಕ್ತಿಯನ್ನೂ ಅದೇ ಕರೆಂಟಿನಿಂದ ತೆಗೆದುಕೊಳ್ಳುತ್ತದೆ. ಎಷ್ಟು ಚೆಂದದ ಉಪಾಯ, ಅಲ್ವಾ?

ಎರಡು ಮೂರು ರೈಲು ಒಟ್ಟಿಗೆ ಓಡಿಸುವ ಆಸೆಯಿದ್ದರೆ ಡಿಸಿಸಿ ಹಾಕಿ. ಒಂದೇ ರೈಲು ಸುತ್ತು ಹೊಡೆದರೆ ಸಾಕು ಅನ್ನುವವರಿಗೆ ಹಳೆಯದೇ ಆಗುತ್ತದೆ.

ಸದ್ದಿನ ಲೆಕ್ಕ ಬೇರೆ. ಡಬ್ಲ್ಯುಡಿಎಂ-2ರಲ್ಲಿ 16 ಸಿಲಿಂಡರ್, ಫೋರ್ ಸ್ಟ್ರೋಕ್. ಅಂದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ, ಹಾಗಾಗಿ ಒಂದು ಸುತ್ತಿಗೆ ಎಂಟು ಸಿಲಿಂಡರ್ ಉರಿಯುತ್ತವೆ. ಸುಮ್ನೆ ನಿಂತಾಗ ನಿಮಿಷಕ್ಕೆ 400 ಸುತ್ತು, ಹಾಗಾಗಿ ಸೆಕೆಂಡಿಗೆ ಸುಮಾರು 53 ಸ್ಫೋಟ. ಇಷ್ಟು ತಗ್ಗಿನ ಸದ್ದನ್ನು ಬೆರಳುಗುರಿನಷ್ಟಿರುವ ಸ್ಪೀಕರ್ ಹೊರಡಿಸಲಾರದು. ಆದರೂ ನಮಗೆ ಆಲ್ಕೋ ಗುರುತು ಸಿಗುತ್ತದೆ. 53ರ ಮೇಲಿನ ಮಡಿಗಳಲ್ಲಿ ಬರುವ ಸ್ವರಗಳನ್ನು ಸ್ಪೀಕರ್ ಕೊಡುತ್ತದೆ, ಅವುಗಳಿಂದ ಬುಡದ ಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಕಲ್ಲುಬೆಂಚಿನ ನಡುಕ ಮಾತ್ರ ಬರುವುದಿಲ್ಲ.

ಸ್ಪೀಕರನ್ನು ಸಣ್ಣ ಡಬ್ಬಿಯೊಳಗೆ ಗಾಳಿಯಾಡದಂತೆ ಕೂರಿಸಲೇಬೇಕು. ಅದರ ಮುಖ ಗಾಳಿಯನ್ನು ತಳ್ಳುವಾಗ ಬೆನ್ನು ಎಳೆಯುತ್ತದೆ. ಎರಡೂ ಸೇರಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ. ಡಬ್ಬಿಯಿಲ್ಲದೆ ನಾನು ಮೊದಲ ಸಲ ಕೇಳಿದಾಗ ಆಲ್ಕೋ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಡಬ್ಬಿಗೆ ಹಾಕಿದ ಕೂಡಲೇ ದನಿಗೆ ಮೈ ಬಂತು.

ನನ್ನ ಮನಸ್ಸು ಗೆದ್ದದ್ದು ಇನ್ನೊಂದು ವಿಷಯ. ನಿಜವಾದ ರೈಲಿನಲ್ಲಿ ಡ್ರೈವರ್ ನಾಚ್ (ಎಂಜಿನ್ ಶಕ್ತಿಯ ಮೆಟ್ಟಿಲು) ಏರಿಸಿದಾಗ ಮೊದಲು ಎಂಜಿನ್ ಅಬ್ಬರಿಸುತ್ತದೆ. ಗಾಲಿ ಮೆಲ್ಲಗೆ ಆಮೇಲೆ ಉರುಳುತ್ತದೆ. ವೇಗ ಹಿಡಿದ ಮೇಲೆ ನಾಚ್ ಇಳಿಸಿದರೆ ಸದ್ದು ತಗ್ಗುತ್ತದೆ, ರೈಲು ಓಡುತ್ತಲೇ ಇರುತ್ತದೆ. ಒಳ್ಳೆಯ ಸೌಂಡ್ ಡಿಕೋಡರ್ ಈ ಸದ್ದನ್ನೂ ವೇಗವನ್ನೂ ಹೀಗೇ ಬೇರೆ ಬೇರೆ ನಡೆಸಬಲ್ಲದು. ಅದನ್ನು ನೋಡಿದರೆ ಹಿಂದಿನ ಬೋಗಿಗಳಿಗೆ ನಿಜಕ್ಕೂ ಭಾರವಿದೆ ಅನ್ನಿಸುತ್ತದೆ.

ವಾಲ್ಯೂಮ್ ಮಾತ್ರ ಇಳಿಸಿಡಿ. ಈ ಅಳತೆಯಲ್ಲಿ ಒಂದು ಮೀಟರ್ ದೂರ ಕೂತರೆ ನಿಜವಾದ ಎಂಜಿನ್ನಿಂದ 87 ಮೀಟರ್ ದೂರ ನಿಂತ ಹಾಗೆ. ಅಷ್ಟು ದೂರಕ್ಕೆ ಎಷ್ಟು ಕೇಳಿಸೀತೋ ಅಷ್ಟಿದ್ದರೆ ಸಾಕು.

ನನ್ನ ಮೂರು ಎಂಜಿನ್‌ಗಳಿಗೂ ಡಿಕೋಡರ್ ಹಾಕಿದೆ. ಸದ್ದು ಆಲ್ಕೋಗೆ ಮಾತ್ರ. ಸದ್ದಿನ ಡಿಕೋಡರ್ ಬೆಲೆ ಸಾದಾ ಡಿಕೋಡರಿಗಿಂತ ತುಂಬಾ ಜಾಸ್ತಿ, ಮೂರೂ ಒಟ್ಟಿಗೆ ಗುಡುಗಿದರೆ ಯಾವುದೂ ಸರಿಯಾಗಿ ಕೇಳುವುದಿಲ್ಲ. ಸ್ಪೀಕರಿಗೆ ಜಾಗ ಮಾಡಲು ಒಳಗಿನ ಒಂದು ತೂಕದ ತುಂಡು ತೆಗೆಯಬೇಕಾಯಿತು. ಹಳಿಯ ಮೇಲಿನ ಹಿಡಿತ ಸ್ವಲ್ಪ ಕಡಿಮೆಯಾಯಿತು. ಏರಿನಲ್ಲಿ ಮೊದಲು ಆರು ಬೋಗಿ ಎಳೆಯುತ್ತಿದ್ದ ಎಂಜಿನ್ ಈಗ ಐದು ಎಳೆಯುತ್ತದೆ. ಆರನೆಯ ಬೋಗಿಯನ್ನು ಬಿಚ್ಚಿ ಪಕ್ಕದ ಲೈನಿನಲ್ಲಿ ನಿಲ್ಲಿಸಿದ್ದೇನೆ.